ತಾಯಿ ಮಗು ಕ್ಷೇಮ ಎಂದವರು ಯಾರು?

ಹೆರಿಗೆ ಕೋಣೆಯ ಬಾಗಿಲು ತೆರೆದು ನರ್ಸ್ ಹೊರಗೆ ಬಂದ ಐದೇ ನಿಮಿಷಕ್ಕೆ ಸುದ್ದಿ ಊರಿಂದೂರಿಗೆ ಹಾರುತ್ತದೆ: ಹೆರಿಗೆ ಸುಸೂತ್ರವಾಯಿತು, ತಾಯಿ ಮಗು ಇಬ್ಬರೂ ಕ್ಷೇಮ. ಗಂಡ ಪೇಡೆ ತರಲು ಹೊರಡುತ್ತಾನೆ. ಅತ್ತೆ ದೇವರಿಗೆ ಹೊತ್ತ ಹರಕೆ ನೆನೆದು ಕೈಮುಗಿಯುತ್ತಾಳೆ. ಒಂಬತ್ತು ತಿಂಗಳು ಅವಳ ಮೇಲಿದ್ದ ಕಣ್ಣುಗಳೆಲ್ಲ ಆ ಗಳಿಗೆಯಲ್ಲಿ ತೊಟ್ಟಿಲಿನತ್ತ ಹೊರಳುತ್ತವೆ. ಮತ್ತೆ ಅವು ಅವಳ ಕಡೆ ತಿರುಗುವುದು ಅಪರೂಪ.

ಆ ಸುದ್ದಿಯನ್ನು ಅಷ್ಟು ಧೈರ್ಯವಾಗಿ ಕೊಟ್ಟವರು ಯಾರು? ತಾಯಿಯ ಜೀವಕ್ಕೆ ಅತಿ ಹೆಚ್ಚು ಅಪಾಯವಿರುವ ಹೊತ್ತು ಹೆರಿಗೆಯಾದ ಮೇಲಿನ ಮೊದಲ ಇಪ್ಪತ್ತನಾಲ್ಕು ಗಂಟೆ. ಆಮೇಲೆ ಮೊದಲ ವಾರ, ಆಮೇಲೆ ಆರು ವಾರ. ಪೇಡೆ ಹಂಚುವ ಹೊತ್ತಿಗೆ ಆ ಗಡಿಯಾರ ಆಗತಾನೇ ಓಡಲು ಶುರುವಾಗಿರುತ್ತದೆ. ಆದರೆ ನಮ್ಮ ಮನೆಗಳೂ, ಆಸ್ಪತ್ರೆಗಳೂ, ಸರ್ಕಾರವೂ ಒಂದೇ ಮಾತನ್ನು ನಂಬಿಕೊಂಡಿವೆ. ಹೆರಿಗೆ ಆಯಿತೆಂದರೆ ಗಂಡಾಂತರ ಮುಗಿಯಿತು, ಇನ್ನು ಬಾಣಂತನ ಮನೆಯವರ ಕೆಲಸ, ಏನಾದರೂ ಆದರೆ ಕರೆದುಕೊಂಡು ಬಂದರಾಯಿತು ಎಂಬ ಮಾತು ಅದು. ಇಷ್ಟು ನಿರಾಳವಾಗಿ ಇಷ್ಟು ಜನ ಒಪ್ಪಿಕೊಂಡ, ಇಷ್ಟು ಹೆಂಗಸರನ್ನು ಕೊಂದ ಇನ್ನೊಂದು ನಂಬಿಕೆ ನನಗೆ ತೋರುತ್ತಿಲ್ಲ.

ಗರ್ಭಿಣಿಯಾಗಿದ್ದಾಗ ಅಥವಾ ಗರ್ಭ ಕಳೆದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಕಾರಣದಿಂದ ಹೆಣ್ಣೊಬ್ಬಳು ತೀರಿಕೊಂಡರೆ ಅದು ತಾಯಿಮರಣ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ನಮ್ಮ ಸರ್ಕಾರದ ಲೆಕ್ಕವೂ ಹೌದು. ಸಾವನ್ನು ಎಣಿಸಲು 42 ದಿನ ಕಾಯಬೇಕೆಂದು ಬಲ್ಲವರು ಜೀವ ಕಾಯಲು ಎರಡು ದಿನ ಸಾಕೆಂದು ಹೇಗೆ ಒಪ್ಪಿದರು? ಸಹಜ ಹೆರಿಗೆಯಾದವಳನ್ನು 48 ಗಂಟೆ ಇಟ್ಟುಕೊಂಡು ಕಳಿಸುತ್ತೇವೆ. ಹಾಸಿಗೆ ಸಾಲದ ಕಡೆ ಅದಕ್ಕೂ ಮೊದಲೇ ಎಬ್ಬಿಸುತ್ತೇವೆ. ‘ನಗು-ಮಗು’ ವಾಹನ ಅವಳನ್ನು ಮನೆ ಬಾಗಿಲಿಗೆ ಬಿಟ್ಟು ಹಿಂತಿರುಗುತ್ತದೆ. ಅಲ್ಲಿಗೆ ದಾಖಲೆಯ ಪ್ರಕಾರ ಅವಳು ಗೆದ್ದಾಯಿತು.

ಆ ಬಾಗಿಲು ಮುಚ್ಚಿದ ಮೇಲೆ ಏನಾಗುತ್ತದೆ? ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ ಬಾಣಂತಿಯ ರಕ್ತದೊತ್ತಡ ಮೇಲೇರುತ್ತದೆ. ಬಸುರಿನಲ್ಲಿ ಬಿಪಿ ಇದ್ದವಳಿಗಂತೂ ಸರಿಯೇ, ಇಲ್ಲದಿದ್ದವಳಿಗೂ ಏರಬಹುದು. ಅಷ್ಟರಲ್ಲಿ ಅವಳು ಆಸ್ಪತ್ರೆಯಿಂದ ಹೊರಗೆ, ಕತ್ತಲೆ ಕೋಣೆಯ ಒಳಗೆ. ತಲೆ ಸಿಡಿಯುತ್ತಿದೆ ಎನ್ನುತ್ತಾಳೆ. ಶೀತವಾಗಿದೆ ಎಂದು ಕಿವಿಗೆ ಹತ್ತಿ ತುರುಕಿ, ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತಾರೆ. ಕಣ್ಣು ಮಂಜಾಗುತ್ತಿದೆ ಎನ್ನುತ್ತಾಳೆ. ನಿದ್ದೆಗೆಟ್ಟಿದ್ದಕ್ಕೆ ಎನ್ನುತ್ತಾರೆ. ಮೈ ಸೆಟೆದು ಫಿಟ್ಸ್ ಬಂದಾಗ ಗಾಳಿ ಸೋಕಿದೆ ಎಂದು ತಾಯಿತ ಕಟ್ಟುವವರು ಇಂದಿಗೂ ಇದ್ದಾರೆ. ತೋಳಿಗೆ ಪಟ್ಟಿ ಸುತ್ತಿ ಎರಡು ನಿಮಿಷ ನೋಡಿದ್ದರೆ ಮೂರು ದಿನ ಮೊದಲೇ ಗೊತ್ತಾಗುತ್ತಿದ್ದ ಸಂಗತಿ ಅದು.

ಜ್ವರ ಬಂದರೆ ನಂಜು. ನಂಜಾದರೆ ತಪ್ಪು ಅವಳದೇ, ತಿನ್ನಬಾರದ್ದನ್ನು ತಿಂದಳು. ಹೊಲಿಗೆಯಲ್ಲಿ ಕೀವಾಗಿದೆಯೇ, ಗರ್ಭಕೋಶದಲ್ಲಿ ಸೋಂಕಾಗಿದೆಯೇ ಎಂದು ಯಾರೂ ನೋಡುವುದಿಲ್ಲ. ಹತ್ತನೇ ದಿನ ರಕ್ತ ಮತ್ತೆ ಜೋರಾದರೆ ಕೆಟ್ಟ ರಕ್ತ ಹೋಗುತ್ತಿದೆ, ಹೋಗಲಿ ಬಿಡು ಎಂಬ ಸಮಾಧಾನ. ಮೊದಲೇ ರಕ್ತಹೀನತೆ ಇರುವ ಹೆಣ್ಣಿಗೆ ಆ ಸಮಾಧಾನ ಎಷ್ಟು ದುಬಾರಿ! ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುವಂತೆ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಅವರ ಮೈಯಲ್ಲಿ ಹೋಗಬೇಕಾದ ‘ಕೆಟ್ಟ ರಕ್ತ’ ಎಂಬುದಿಲ್ಲ. ಇರುವುದೇ ಸಾಲದು.

ಇನ್ನು ನೀರು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟಕ್ಕೆ ಅಳೆದು ಕೊಡುವ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಪಕ್ಕದಲ್ಲಿ ಕೆಂಡ, ಸಾಂಬ್ರಾಣಿ ಹೊಗೆ, ಮೈತುಂಬ ಹೊದಿಕೆ, ಎದೆಯಲ್ಲಿ ಹಾಲು, ಬಾಯಲ್ಲಿ ನೀರಿಲ್ಲ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ದೇಹ ಒಣಗಿದರೆ ಕಾಲಿನಲ್ಲಿ, ಕೆಲವೊಮ್ಮೆ ಮಿದುಳಿನ ಅಭಿಧಮನಿಗಳಲ್ಲೇ ರಕ್ತ ಗಡ್ಡೆ ಕಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ಬಾಣಂತಿಯರಿಗೆ ಚಿಕಿತ್ಸೆ ಕೊಟ್ಟು, ಅದರ ಬಗ್ಗೆ ಬರೆಯಲು ಶುರುಮಾಡಿ ದಶಕಗಳೇ ಆಗಿವೆ. ಆ ತಿಳಿವಳಿಕೆ ನಿಮ್ಹಾನ್ಸ್‌ನ ಗೇಟು ದಾಟಿ ಬಾಣಂತಿ ಕೋಣೆಯ ಹೊಸ್ತಿಲು ತಲುಪಲಿಲ್ಲ. ಅದನ್ನು ಹೊತ್ತುಕೊಂಡು ಹೋಗಬೇಕಾದ ಭೇಟಿಯನ್ನೇ ನಾವು ಮುಖ್ಯವೆಂದು ಎಣಿಸಲಿಲ್ಲವಲ್ಲ!

ಬಾಣಂತನವನ್ನು ನಾನು ಹೀಗಳೆಯುತ್ತಿಲ್ಲ. ಹೆತ್ತವಳಿಗೆ ಮೂರು ತಿಂಗಳು ಕೆಲಸವಿಲ್ಲದೆ ಮಲಗಲು ಜಾಗ, ಬಿಸಿ ಅನ್ನ, ತಾಯಿಯ ಕೈ, ಎಣ್ಣೆ ನೀರು ಕೊಡುವ ಪದ್ಧತಿ ದೊಡ್ಡದು. ಆದರೆ ಮೆಣಸಿನ ಸಾರು ರಕ್ತದೊತ್ತಡ ಅಳೆಯುವುದಿಲ್ಲ. ಲೇಹ್ಯ ಸೋಂಕನ್ನು ಕಂಡುಹಿಡಿಯುವುದಿಲ್ಲ. ಆರೈಕೆಯನ್ನು ತಪಾಸಣೆಯ ಜಾಗದಲ್ಲಿ ಕೂರಿಸಿದ್ದು ತಪ್ಪು.

ನಮ್ಮಜ್ಜಿ ಹತ್ತು ಹೆತ್ತಳು, ಹನ್ನೊಂದನೇ ದಿನಕ್ಕೆ ಗದ್ದೆಗೆ ಇಳಿದಳು, ಯಾವ ತಪಾಸಣೆ ಇತ್ತು ಎಂದು ಕೇಳುವವರಿದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ. ನಿಮ್ಮ ವಂಶದಲ್ಲಿ ಎರಡನೇ ಮದುವೆಯಾದ ಮುತ್ತಜ್ಜ ಯಾರೂ ಇಲ್ಲವೇ? ಮೊದಲ ಹೆಂಡತಿ ಏನಾದಳೆಂದು ಯಾವತ್ತಾದರೂ ವಿಚಾರಿಸಿದ್ದೀರಾ? ‘ಬಾಣಂತನದಲ್ಲಿ ಹೋದಳು’ ಎಂಬ ಎರಡು ಪದದ ಉತ್ತರ ಬರುತ್ತದೆ, ಹೆಸರು ಕೂಡ ಯಾರಿಗೂ ನೆನಪಿರುವುದಿಲ್ಲ. ಹತ್ತು ಹೆತ್ತ ಅಜ್ಜಿ ಉಳಿದಳು, ಅದಕ್ಕೇ ಅವಳ ಕಥೆ ಹೇಳಲು ಮೊಮ್ಮಕ್ಕಳಿದ್ದಾರೆ. ಎರಡನೇ ಹೆರಿಗೆಯಲ್ಲಿ ಹೋದವಳ ಕಥೆ ಹೇಳುವವರು ಯಾರಿದ್ದಾರೆ?

ಸರ್ಕಾರದ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ: ಕರ್ನಾಟಕದ 97% ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಸಮೀಕ್ಷೆಯ ಆ ಅಂಕಿ ನಿಜ, ಅದರ ಹಿಂದಿನ ದುಡಿಮೆಯೂ ದೊಡ್ಡದು. ಹಾಗಿದ್ದರೆ ತಾಯಂದಿರು ಯಾಕೆ ಸಾಯುತ್ತಿದ್ದಾರೆ? 2018-20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಸ್ಥಾನ ನಮ್ಮದು. ಎಲ್ಲರೂ ಆಸ್ಪತ್ರೆಗೆ ಬರುತ್ತಿದ್ದೂ ಸಾವು ನಿಲ್ಲುತ್ತಿಲ್ಲವೆಂದರೆ ತೊಡಕು ಬರುವುದರಲ್ಲಿಲ್ಲ. ಬಂದವಳನ್ನು ನಾವು ಹೇಗೆ ನೋಡಿಕೊಂಡೆವು, ಎಷ್ಟು ದಿನ ನೋಡಿಕೊಂಡೆವು ಎಂಬುದರಲ್ಲಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಾಜ್ಯ ಬೆಚ್ಚಿತು. ಐವಿ ದ್ರಾವಣದ ಗುಣಮಟ್ಟ, ಕಂಪನಿ, ಖರೀದಿ ಎಲ್ಲವೂ ಚರ್ಚೆಯಾದವು, ಆಗಬೇಕಾದದ್ದೇ. ಆದರೆ ಬಿಡಿಬಿಡಿಯಾಗಿ, ಒಂದೊಂದು ಊರಿನಲ್ಲಿ ಒಬ್ಬೊಬ್ಬಳಾಗಿ ಸಾಯುವ ಬಾಣಂತಿಗೆ ಯಾವ ವಿಧಾನಸಭೆ ಬೆಚ್ಚುತ್ತದೆ?

ಯೋಜನೆಗಳನ್ನೇ ತೆಗೆದು ನೋಡಿ. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ಉಚಿತ ತಪಾಸಣೆಯ ದಿನ. ಬಾಣಂತಿಗೆ ಯಾವ ತಾರೀಕು? ಇಲ್ಲ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಸಿಗುತ್ತದೆ. ಕೊನೆಯ ಕಂತು ಕೈಗೆ ಬರಬೇಕಾದರೆ ಮಗುವಿನ ಜನನ ನೋಂದಣಿಯಾಗಿರಬೇಕು, ಮೊದಲ ಸುತ್ತಿನ ಲಸಿಕೆಗಳು ಮುಗಿದಿರಬೇಕು. ತಾಯಿಯನ್ನು ಯಾರಾದರೂ ಪರೀಕ್ಷಿಸಿದರೇ ಎಂಬ ಪ್ರಶ್ನೆ ಆ ಷರತ್ತುಗಳಲ್ಲಿ ಇಲ್ಲ. ಹೆಸರು ಮಾತೃ ವಂದನೆ, ವಂದಿಸುವ ಮೊದಲು ಮಾತೆ ಬದುಕಿರಬೇಕಲ್ಲವೇ? ಹೆರಿಗೆಯ ಬಳಿಕ ವ್ಯವಸ್ಥೆ ಅವಳ ಬಗ್ಗೆ ಬಿಡದೆ ವಿಚಾರಿಸುವ ವಿಷಯ ಒಂದೇ: ಆಪರೇಷನ್ ಮಾಡಿಸಿಕೊಳ್ಳುತ್ತೀಯೋ, ಕಾಪರ್-ಟಿ ಹಾಕಿಸಿಕೊಳ್ಳುತ್ತೀಯೋ?

ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರಲ್ಲ ಎನ್ನಬಹುದು. ಬರಬೇಕು. 2011ರಿಂದ ದೇಶದಲ್ಲಿರುವ ನವಜಾತ ಶಿಶುವಿನ ಮನೆ ಆರೈಕೆ ಯೋಜನೆಯ ಪ್ರಕಾರ 3, 7, 14, 21, 28, 42ನೇ ದಿನಗಳಲ್ಲಿ, ಒಟ್ಟು ಆರು ಭೇಟಿ. ಯೋಜನೆಯ ಹೆಸರಿನಲ್ಲೇ ತಾಯಿ ಇಲ್ಲ ಎಂಬುದನ್ನು ಗಮನಿಸಿ. ಅವರ ಚೀಲದಲ್ಲಿ ಮಗುವಿನ ತೂಕದ ತಕ್ಕಡಿ ಇದೆ, ಥರ್ಮಾಮೀಟರ್ ಇದೆ, ಉಸಿರು ಎಣಿಸಲು ಗಡಿಯಾರವಿದೆ. ತಾಯಿಗೆ ಜ್ವರವೇ, ರಕ್ತಸ್ರಾವವೇ ಎಂದು ಕೇಳುವ ಪ್ರಶ್ನೆಗಳೂ ನಮೂನೆಯಲ್ಲಿವೆ. ಬಿಪಿ ನೋಡುವ ಯಂತ್ರ ಆ ಚೀಲದಲ್ಲಿಲ್ಲ. ಆರು ಭೇಟಿಗೆ ಸೇರಿ ಅವರಿಗೆ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಆಗದು. ಹಳ್ಳಿಯಿಂದ ಹಟ್ಟಿಗೆ, ಹಟ್ಟಿಯಿಂದ ತಾಂಡಾಕ್ಕೆ ನಡೆಯುವ ಹೆಣ್ಣಿನ ಅರ್ಧ ದಿನದ ಬೆಲೆ ಅದು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಕೂತ ಆಶಾಗಳನ್ನು ಸಂಬಳ ಕೇಳಲು ಬಂದವರೆಂದಷ್ಟೇ ನೋಡಿದವರಿಗೆ, ಈ ರಾಜ್ಯದ ಬಾಣಂತಿಯರ ಬಾಗಿಲು ತಟ್ಟುವ ಒಂದೇ ಕೈ ಅವರದೆಂಬುದು ಹೊಳೆದಂತಿಲ್ಲ.

ಆ ಕೈಯೂ ತಲುಪದ ಬಾಗಿಲುಗಳಿವೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಹೆಣ್ಣಿನ ಹೆಸರು ಗಂಡನ ಊರಿನ ಆಶಾಳ ಪುಸ್ತಕದಲ್ಲಿರುತ್ತದೆ, ತಾಯಿ ಕಾರ್ಡ್ ಅಲ್ಲಿಯದು. ಏಳನೇ ತಿಂಗಳಿಗೆ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ಗಂಡನೂರಿನ ಆಶಾ ಹೆರಿಗೆಗೆ ಹೋಗಿದ್ದಾಳೆ ಎಂದು ಬರೆದುಕೊಳ್ಳುತ್ತಾಳೆ. ತವರಿನ ಆಶಾಳಿಗೆ ಇವಳು ಪಟ್ಟಿಯಲ್ಲಿಲ್ಲದ ಹೆಣ್ಣು. ಮೂರನೇ ದಿನವೂ ಏಳನೇ ದಿನವೂ ಎರಡು ಪುಸ್ತಕಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತವೆ. ಶತಮಾನಗಳಿಂದ ನಡೆದುಬಂದ ಸಂಪ್ರದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆರೋಗ್ಯ ಇಲಾಖೆ ಯಾವ ದೇಶದ ಹೆಂಗಸರಿಗಾಗಿ ಯೋಜನೆ ಮಾಡುತ್ತಿದೆ? ದುಡಿಯಲು ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಬಂದು ಕಟ್ಟಡದ ಪಕ್ಕದ ತಗಡಿನ ಶೆಡ್‌ನಲ್ಲಿ ಹೆತ್ತವಳು ಯಾವ ಪುಸ್ತಕದಲ್ಲಿದ್ದಾಳೆ?

ಇನ್ನು ಮಗು ಕ್ಷೇಮವೇ? ಅದೂ ಅರ್ಧ ಸತ್ಯ. ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಾಯುತ್ತವೆ. ನವಜಾತ ಕಾಮಾಲೆ ಹೆಚ್ಚಾಗಿ ತಾರಕಕ್ಕೇರುವುದು ಮೂರರಿಂದ ಐದನೇ ದಿನದಲ್ಲಿ, ಅಂದರೆ ಮನೆಗೆ ಬಂದ ಮೇಲೆ. ಎಳೆ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದು ಕಾಯುತ್ತಾರೆ. ಬರೆ ಹಾಕಿಸುವ ಊರುಗಳೂ ಇವೆ. ಮಿತಿಮೀರಿದ ಕಾಮಾಲೆ ಮಿದುಳಿಗೆ ಏರಿದರೆ ಆ ಮಗು ಬದುಕುಳಿದರೂ ಕಿವುಡೋ, ಕೈಕಾಲು ಸ್ವಾಧೀನವಿಲ್ಲದೆಯೋ ಬೆಳೆಯುತ್ತದೆ. ನೀಲಿ ಬೆಳಕಿನ ಕೆಳಗೆ ಒಂದೆರಡು ದಿನ ಮಲಗಿಸಿದ್ದರೆ ತಪ್ಪುತ್ತಿತ್ತು. ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತದಲ್ಲಿ ಥೈರಾಯ್ಡ್ ಕೊರತೆ ಗೊತ್ತಾಗುತ್ತದೆ. ಗೊತ್ತಾದರೆ ದಿನಕ್ಕೊಂದು ಅಗ್ಗದ ಮಾತ್ರೆ, ಗೊತ್ತಾಗದಿದ್ದರೆ ಬುದ್ಧಿ ಬೆಳೆಯದ ಮಗು. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಅಂಥ ಸಂಸ್ಥೆ ಇರುವ ನಾಡಿನಲ್ಲೂ ಮಗುವಿಗೆ ಕಿವಿ ಕೇಳುವುದಿಲ್ಲವೆಂದು ತಿಳಿಯುವುದು ಎರಡು ವರ್ಷವಾದರೂ ಮಾತು ಬರದಿದ್ದಾಗ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನೂ ಹಸುಳೆಯನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಗಾಳಿ, ಚಳಿ. ಮಗು ಉಳಿಯಲಿಲ್ಲ. ಎಲ್ಲರೂ ಆ ಸಮುದಾಯದ ಮೌಢ್ಯವನ್ನು ಬೈದರು. ಮೌಢ್ಯ ನಿಜ. ಆದರೆ ಆ ಗುಡಿಸಲುಗಳು ಗುಟ್ಟಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ವರದಿಗಳಲ್ಲಿ, ಪತ್ರಿಕೆಗಳಲ್ಲಿ ಇದ್ದವು. ಮೊದಲ ವಾರದಲ್ಲೇ ಒಬ್ಬ ನರ್ಸ್ ಆ ಗುಡಿಸಲಿಗೆ ಕಾಲಿಡಲೇಬೇಕು ಎಂಬ ಕಟ್ಟಳೆ ಇದ್ದಿದ್ದರೆ, ಕಾಲಿಡದಿದ್ದರೆ ಯಾರಾದರೂ ಉತ್ತರ ಕೊಡಬೇಕಾಗಿದ್ದರೆ?

ಮನಸ್ಸಿನ ಮಾತಂತೂ ಯಾರಿಗೂ ಬೇಡ. ‘ಬಾಣಂತಿ ಸನ್ನಿ’ ಎಂಬ ಪದ ನಮ್ಮಲ್ಲಿ ಅಜ್ಜಿಯರ ಕಾಲದಿಂದ ಇದೆ. ಅಂದರೆ ಹೆತ್ತ ಹೆಣ್ಣಿನ ಮನಸ್ಸು ಮುರಿಯಬಲ್ಲದೆಂದು ಈ ನಾಡಿಗೆ ಗೊತ್ತಿತ್ತು. ಗೊತ್ತಿದ್ದೂ ನಾವು ಮಾಡಿದ್ದು ತಾಯಿತ ಕಟ್ಟಿದ್ದು, ತವರಿನವರನ್ನು ದೂರಿದ್ದು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ ಪ್ರಕಟಿಸಿದ ಲೆಕ್ಕದ ಪ್ರಕಾರ ಹೆತ್ತ ನೂರು ಹೆಣ್ಣುಮಕ್ಕಳಲ್ಲಿ 22 ಮಂದಿ ಖಿನ್ನತೆಗೆ ಒಳಗಾಗುತ್ತಾರೆ. ಐದರಲ್ಲಿ ಒಬ್ಬಳು. ಅವಳನ್ನು ಗುರುತಿಸಲು ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳು ಸಾಕು. ಅವು ಕನ್ನಡದಲ್ಲೂ ಇವೆ, ಹಳ್ಳಿಗಾಡಿನ ಹೆಂಗಸರ ನಡುವೆ ಪರೀಕ್ಷೆಗೊಂಡೇ ಇವೆ. ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೆ ಇಟ್ಟುಕೊಂಡು ನೋಡುವ ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ತೆರೆದಿದೆ. ಪ್ರಶ್ನೆಗಳಿವೆ, ಭಾಷೆ ಇದೆ, ಚಿಕಿತ್ಸೆ ಇದೆ. ಕೇಳುವ ಬಾಯಿ ಇಲ್ಲ. ಹಾಲು ಬರುತ್ತಿದೆಯಾ ಎಂದು ಹತ್ತು ಜನ ಕೇಳುತ್ತಾರೆ. ನಿನಗೆ ಹೇಗಿದೆ ಎಂದು ಕೇಳಲು ಒಬ್ಬರಿಲ್ಲ.

ದುಡ್ಡು ಕೊಟ್ಟು ಹೆರಿಗೆ ಮಾಡಿಸಿಕೊಂಡವರ ಸ್ಥಿತಿ ಬೇರೆಯಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಈ ರಾಜ್ಯದ ಅರ್ಧಕ್ಕೂ ಹೆಚ್ಚು ಹೆರಿಗೆಗಳು ಹೊಟ್ಟೆ ಕೊಯ್ದೇ ಆಗುತ್ತವೆ. ಹೊಟ್ಟೆ ಕೊಯ್ಯಲು ತೋರಿದ ಆತುರ ಗಾಯ ಮಾಯಿತೇ ಎಂದು ಮನೆಗೆ ಫೋನು ಮಾಡಿ ಕೇಳುವುದರಲ್ಲಿ ಏಕಿಲ್ಲ? ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವಳಿಗೆ ಆರು ವಾರದ ನಂತರ ಮತ್ತೆ ಪರೀಕ್ಷೆ ಮಾಡಬೇಕೆಂಬುದು ಪ್ರತಿ ವೈದ್ಯರಿಗೂ ಗೊತ್ತು. ಮುಂದೆ ಅವಳಿಗೆ ಮಧುಮೇಹ ಬರುವ ಸಾಧ್ಯತೆ ಬಹಳ ಹೆಚ್ಚು. ಆ ಮಾತನ್ನು ಬಿಡುಗಡೆ ಚೀಟಿಯ ಕೊನೆಯ ಸಾಲಿನಲ್ಲಿ ಓದಲಾಗದ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ.

ಇದೆಲ್ಲ ಬಡ ದೇಶಕ್ಕೆ ಆಗದ ಮಾತು ಎಂದು ದಯವಿಟ್ಟು ಹೇಳಬೇಡಿ. ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಓದಿದವರ ನಗರವಲ್ಲ, ಕಾಡು. ಅಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ರಾಣಿ ಬಂಗ್ 1990ರ ದಶಕದಲ್ಲಿ 39 ಹಳ್ಳಿಗಳ ಸಾಧಾರಣ ಹೆಂಗಸರಿಗೆ ತರಬೇತಿ ಕೊಟ್ಟು, ಹೆಗಲಿಗೊಂದು ಚೀಲ ಹಾಕಿ, ಹೆತ್ತ ಮನೆಗಳಿಗೆ ಕಳಿಸಿದರು. ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು ಹೋಲಿಕೆಯ ಹಳ್ಳಿಗಳಿಗಿಂತ 62% ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಜಗತ್ತಿಗೆ ಸಾರಿತು. ನಮ್ಮ ಆಶಾಗಳ ಮನೆಭೇಟಿ ಹುಟ್ಟಿದ್ದೇ ಅಲ್ಲಿಂದ. ಬಾಗಿಲು ತಟ್ಟಿದರೆ ಜೀವ ಉಳಿಯುತ್ತದೆ ಎಂಬುದು ಕಾಲು ಶತಮಾನದ ಹಿಂದೆಯೇ ರುಜುವಾತಾದ ಸಂಗತಿ. ಬೇಕಾಗಿರುವುದು ಚೀಲಕ್ಕೆ ಇನ್ನೊಂದು ಯಂತ್ರ, ಪಟ್ಟಿಗೆ ಇನ್ನೊಂದು ಜೀವ.

ಗುರುವಾರ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಲಸಿಕೆಯ ದಿನ. ಬೆಂಚಿನ ಮೇಲೆ ಒಂದೂವರೆ ತಿಂಗಳ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಸಾಲಾಗಿ ಕೂತಿರುತ್ತಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ಬಳಿಕ ಕನಿಷ್ಠ ಮೂರು ತಪಾಸಣೆ ಆಗಲೇಬೇಕೆಂದಿತು: ಎರಡು-ಮೂರನೇ ದಿನ, ಎರಡನೇ ವಾರ, ಆರನೇ ವಾರ. ಆ ಆರನೇ ವಾರದ ತಾಯಂದಿರು ಇವರೇ. ಯಾರೂ ಅವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಾವಾಗಿಯೇ ಬಂದು ನರ್ಸ್‌ನ ಎದುರಿಗೆ, ಬಿಪಿ ಯಂತ್ರದಿಂದ ಮೂರಡಿ ದೂರದಲ್ಲಿ ಕೂತಿದ್ದಾರೆ. ಮಗುವಿನ ತೊಡೆಗೆ ಚುಚ್ಚುಮದ್ದು ಬೀಳುತ್ತದೆ, ಕಾರ್ಡಿನಲ್ಲಿ ತಾರೀಕು ಬೀಳುತ್ತದೆ, ಮುಂದಿನವರು ಬನ್ನಿ ಎಂಬ ಕೂಗು ಬೀಳುತ್ತದೆ. ಮುಖ ಬಿಳಿಚಿಕೊಂಡ, ಎದೆ ಕಟ್ಟಿ ನೋಯುತ್ತಿರುವ, ರಾತ್ರಿಯೆಲ್ಲ ಕಾರಣವಿಲ್ಲದೆ ಅಳುವ ಆ ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋಗುತ್ತಾಳೆ. ಅವಳನ್ನು ಮತ್ತೆ ಕೇಳುವುದು ಮುಂದಿನ ಬಸುರಿಗೇ.

ಆರೋಗ್ಯ ಸಚಿವರೇ, ಆ ಬೆಂಚಿನಿಂದ ಶುರುಮಾಡಿ. ತಾಯಿಯ ರಕ್ತದೊತ್ತಡ, ಹಿಮೋಗ್ಲೋಬಿನ್, ಹೊಲಿಗೆಯ ಗಾಯ, ಆ ಹತ್ತು ಪ್ರಶ್ನೆ, ಬೇಕಾದವರಿಗೆ ಸಕ್ಕರೆಯ ಪರೀಕ್ಷೆ ಆಗದೆ ಆರನೇ ವಾರದ ಲಸಿಕೆಯ ಕೆಲಸ ಮುಗಿಯಿತೆಂದು ಯಾರೂ ಬರೆಯಕೂಡದು, ಹಾಗೆಂದು ಮಗುವಿನ ಲಸಿಕೆಯನ್ನೂ ತಡೆಯಕೂಡದು. ಮೊದಲ ವಾರದಲ್ಲಿ ಆಶಾಳೊಂದಿಗೆ ಒಬ್ಬ ನರ್ಸ್ ಮನೆಗೆ ಹೋಗಲೇಬೇಕು, ಆ ಮನೆ ತವರಾಗಿರಲಿ, ಶೆಡ್ಡಾಗಿರಲಿ, ಊರಾಚೆಯ ಗುಡಿಸಲಾಗಿರಲಿ. ಹೆಣ್ಣು ತವರಿಗೆ ಹೊರಟ ದಿನವೇ ಅವಳ ಹೆಸರು ಅಲ್ಲಿಯ ಆಶಾಳ ಪಟ್ಟಿಗೆ ತಲುಪಬೇಕು. ಆಶಾಳ ಚೀಲಕ್ಕೆ ಬಿಪಿ ಯಂತ್ರ, ಅವಳ ದುಡಿಮೆಗೆ ಮರ್ಯಾದೆಯ ಕೂಲಿ ಸಿಗಬೇಕು. ಖಾಸಗಿ ಆಸ್ಪತ್ರೆಯವರು ಆರು ವಾರದ ತಪಾಸಣೆಯನ್ನು ಹೆರಿಗೆಯ ಬಿಲ್ಲಿನೊಳಗೇ ಸೇರಿಸಬೇಕು. ಪ್ರತಿ ತಾಯಿಮರಣದ ವಿಚಾರಣೆಯಿಂದ ಏನು ತಿಳಿಯಿತೆಂಬುದನ್ನು ಹೆಸರು ಮರೆಮಾಡಿ ಜನರ ಮುಂದೆ ಇಡಬೇಕು. ಕೇರಳದ ಪ್ರಸೂತಿ ವೈದ್ಯರು 2004ರಿಂದ ತಾವಾಗಿಯೇ ಮಾಡುತ್ತಿರುವ ಕೆಲಸವಿದು.

ಸಚಿವರ ಆದೇಶ ಬರುವತನಕ ನೀವು ಕಾಯಬೇಕಿಲ್ಲ. ಮುಂದಿನ ಗುರುವಾರ ನಿಮ್ಮ ಮನೆಯ ಮಗಳೋ ಸೊಸೆಯೋ ತಂಗಿಯೋ ಕೂಸನ್ನೆತ್ತಿಕೊಂಡು ಲಸಿಕೆಗೆ ಹೊರಟಾಗ ಜೊತೆಗೆ ಹೋಗಿ. ಮಗುವಿಗೆ ಚುಚ್ಚಿದ ಮೇಲೆ, ಆ ಬಿಪಿ ಪಟ್ಟಿಯನ್ನು ಇವಳ ತೋಳಿಗೆ ಸುತ್ತಿ ನೋಡಿ ಎಂದು ನರ್ಸ್‌ಗೆ ಹೇಳಿ. ಸುತ್ತುವವರೆಗೆ ಬೆಂಚು ಬಿಟ್ಟು ಏಳಬೇಡಿ.